ಕಸಿ ಆದ ಮೇಲೂ ಟೆಸ್ಟ್ ಯಾಕೆ? ಒಂದು ಕಿಲೋ ತೊಗರಿಯ ಲೆಕ್ಕ

ತಾಳಿಕೋಟೆಯಿಂದ ಮಾತಾಡ್ತಿದ್ದೀನಿ. ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಹಂಗಾಗಿ ಇವತ್ತಿನ ವಿಷಯಾನೂ ಲೆಕ್ಕದ ಕಡೆಯಿಂದಲೇ ಹೇಳ್ತೀನಿ.

ಮಕ್ಕಳ ರಕ್ತದ ಕ್ಯಾನ್ಸರ್, ಅಂದ್ರೆ ಲ್ಯುಕೇಮಿಯಾ. ಅದಕ್ಕೆ ಅಸ್ಥಿಮಜ್ಜೆ ಕಸಿ ನಮ್ಮ ದೇಶಕ್ಕೆ ಹೊಸದೇನಲ್ಲ. 1983ರಲ್ಲೇ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಒಂಬತ್ತು ವರ್ಷದ ಹುಡುಗಿಗೆ ಮಾಡಿದ್ದರು. ಈಗ ಬೆಂಗಳೂರಿನಲ್ಲೂ ಆಗ್ತದೆ. ಆದ್ರೆ ಕಸಿ ಮುಗೀತು, ಕೂದಲು ಬಂತು, ಹುಡುಗ ಓಣಿಯಾಗ ಆಡಾಕತ್ತಾನ. ಮತ್ಯಾಕೆ ರಾತ್ರಿ ಬಸ್ ಹತ್ತಿ ಅಷ್ಟು ದೂರ ಹೋಗಬೇಕು?

ತೊಗರಿ ತಗೊಳ್ರಿ. ಒಂದು ಕಿಲೋದಾಗ ಹೆಚ್ಚುಕಡಿಮೆ 10,000 ಕಾಳು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಜ್ಜೆಯಲ್ಲಿ ಬ್ಲಾಸ್ಟ್ ಅನ್ನೋ ಎಳೆ ಕೋಶಗಳು ನೂರಕ್ಕೆ 5ಕ್ಕಿಂತ ಕಡಿಮೆ ಇದ್ರೆ ರೋಗ ಹಿಡಿತಕ್ಕೆ ಬಂತು ಅಂತಾರೆ. ಅಂದ್ರೆ ಆ ಕಿಲೋದಾಗ 400 ಹರಳಿದ್ರೂ ಪಾಸ್! ಫ್ಲೋ ಸೈಟೊಮೆಟ್ರಿ ಒಂದು ಕಿಲೋದಾಗಿನ ಒಂದೇ ಹರಳನ್ನು ಹಿಡೀತದೆ. ಪಿಸಿಆರ್ 10 ಕಿಲೋದಾಗಿನ ಒಂದನ್ನೂ ಹಿಡಿಯಬಲ್ಲದು. ಹಿಂಗೆ ಅಡಗಿ ಉಳಿದ ರೋಗವನ್ನು ಹುಡುಕೋದೇ ಎಂಆರ್‌ಡಿ ಟೆಸ್ಟ್.

ಕಸಿ ಆದವರಿಗೆ ಕೈಮೆರಿಸಂ ಅಂತ ಇನ್ನೊಂದು ರಿಪೋರ್ಟ್ ಬರ್ತದೆ. ಅದು ಪಾಲುದಾರಿಕೆ ಲೆಕ್ಕ: ಈಗಿನ ರಕ್ತದಲ್ಲಿ ದಾನಿಯ ಪಾಲೆಷ್ಟು, ಮಗುವಿನದೆಷ್ಟು ಅಂತ ಡಿಎನ್‌ಎ ನೋಡಿ ಹೇಳ್ತಾರೆ. ಎರಡೂ ಒಂದೇ ಅಂದ್ಕೋಬ್ಯಾಡ್ರಿ. ಸಾಮಾನ್ಯ ಕೈಮೆರಿಸಂ ಟೆಸ್ಟ್ ನೂರಕ್ಕೆ ಒಂದಕ್ಕಿಂತ ಸಣ್ಣ ಪಾಲನ್ನು ಅಷ್ಟಾಗಿ ಕಾಣೋದಿಲ್ಲ. ದಾನಿಯದು ಪೂರ್ತಿ 100 ಅಂತ ಬಂದ್ರೂ ಹರಳು ಉಳಿದಿರಬಹುದು.

ಒಂದು ಸಣ್ಣ ಮಾತು, ಆದ್ರೆ ದೊಡ್ಡದು. ಮಜ್ಜೆ ಎಳೆಯುವಾಗ ಸಿರಿಂಜಿಗೆ ಬರೋ ಮೊದಲ ಹನಿಗಳೇ ಎಂಆರ್‌ಡಿಗೆ ಹೋಗಬೇಕು. ಆಮೇಲಿನದರಲ್ಲಿ ಬರೀ ರಕ್ತ ಬೆರೆತು, ಇದ್ದ ರೋಗವೂ ಇಲ್ಲದಂಗೆ ಕಾಣಬಹುದು.

ಬೇಗ ಸಿಕ್ಕರೆ ಲಾಭ ಏನು? ದಾನಿಯ ಕೋಶಗಳಿಗೇ ಲ್ಯುಕೇಮಿಯಾ ಕೊಲ್ಲೋ ಶಕ್ತಿ ಇರ್ತದೆ. ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆಯನ್ನು ಡಾಕ್ಟರ್ ಕಡಿಮೆ ಮಾಡಿ ಅವುಗಳ ಕೈ ಬಿಚ್ಚಬಹುದು, ಇಲ್ಲಾ ದಾನಿಯ ಲಿಂಫೊಸೈಟ್ ಮತ್ತೆ ಏರಿಸಬಹುದು. ಅಪಾಯವೂ ಇದೆ: ಅದೇ ಕೋಶಗಳು ಮಗುವಿನ ಚರ್ಮ, ಕರುಳು, ಯಕೃತ್ತಿನ ಮೇಲೂ ಬೀಳಬಹುದು. ಹಂಗಾಗಿ ಮಾತ್ರೆ ಮನೆಯಲ್ಲಿ ತಾವೇ ನಿಲ್ಲಿಸೋದು ಬ್ಯಾಡ. ರೋಗ ಕಣ್ಣಿಗೆ ಕಾಣುವಷ್ಟು ಬೆಳೆದ ಮೇಲೆ ಈ ದಾರಿಗಳು ಅಷ್ಟು ಕೆಲಸ ಮಾಡೋದಿಲ್ಲ.

ಒಮ್ಮೆ ನೆಗೆಟಿವ್ ಬಂದದ್ದು ಆ ದಿನದ ಲೆಕ್ಕ ಅಷ್ಟೇ. ಮುಂದಿನ ತಾರೀಖು ಡಾಕ್ಟರನ್ನೇ ಕೇಳಿ ಫೋನಿನಲ್ಲಿ ರಿಮೈಂಡರ್ ಇಡ್ರಿ. ಹೋಗುವಾಗ ರೋಗ ಮೊದಲು ಪತ್ತೆಯಾದಾಗಿನ ರಿಪೋರ್ಟ್ ಒಯ್ಯೋದು ಮರೀಬ್ಯಾಡ್ರಿ. ಯಾವ ಗುರುತು ಹುಡುಕಬೇಕು ಅನ್ನೋದು ಅದರಲ್ಲೇ ಇರ್ತದೆ.