ಕೌದಿಯೊಳಗಿನ ಚಂದ್ರಕಾಳಿ

ಹೋದ ಬೇಸಿಗೆಯಲ್ಲಿ ಧಾರವಾಡದ ಮನೆಯ ಹಿತ್ತಿಲಲ್ಲಿ ಅವ್ವನ ಹಳೆಯ ಕೌದಿ ಒಗೆಯುತ್ತಿದ್ದೆ. ನೀರು ಕುಡಿದು ಭಾರವಾಗಿದ್ದ ಅದನ್ನು ಎತ್ತುವಾಗ ಮೇಲಿನ ಬಟ್ಟೆ ಹರಿಯಿತು. ಒಳಗೆ ಕಪ್ಪು ಬಟ್ಟೆ, ಅದರ ಮೇಲೆ ಕೆಂಪು ದಾರದ ಪುಟ್ಟ ಆನೆ, ಅಂಬಾರಿ ಸಮೇತ. ಅವ್ವ ಬಂದು ನೋಡಿದವಳೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ಚಂದ್ರಕಾಳಿ! ನಮ್ಮವ್ವಂದ ಇರಬೇಕು."

ಮದುಮಗಳಿಗೆಂದು ಕಸೂತಿ ಹಾಕಿಸುತ್ತಿದ್ದ ಕಪ್ಪು ಸೀರೆಗೆ ನಮ್ಮ ಕಡೆ ಚಂದ್ರಕಾಳಿ ಎನ್ನುತ್ತಾರೆ. ಆಯಿ, ಅಂದರೆ ಅವ್ವನ ತಾಯಿ, ತೀರಿಕೊಂಡಾಗ ಅವ್ವನಿಗೆ ನಾಲ್ಕು ವರ್ಷ. ಆಮೇಲೆ ಆ ಸೀರೆ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯ ಹಿರಿಯ ಸೊಸೆ, ಅಂದರೆ ಅವ್ವನ ದೊಡ್ಡವ್ವ, ಮಾರಿಕೊಂಡಳೆಂಬ ಮಾತು ಅರವತ್ತು ವರ್ಷ ನಮ್ಮ ಮನೆಯಲ್ಲಿ ಓಡಾಡಿತು.

ಕೌದಿಯ ಒಂದು ಅಂಚನ್ನಷ್ಟೇ ಬಿಚ್ಚಿದೆವು. ಗೋಪುರ, ತುಳಸಿಕಟ್ಟೆ, ನವಿಲು ಒಂದೊಂದಾಗಿ ಹೊರಬಂದವು. ಯಾವುದು ಒಳಮೈ, ಯಾವುದು ಹೊರಮೈ ಎಂದೇ ತಿಳಿಯಲಿಲ್ಲ. ಕಸೂತಿಯ ಗವಂತಿ ಹೊಲಿಗೆಯ ಸೊಗಸೇ ಅದು. ಸೂಜಿ ನಡುನಡುವೆ ಜಾಗ ಬಿಡುತ್ತ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ ಬಿಟ್ಟದ್ದನ್ನೆಲ್ಲ ತುಂಬುತ್ತದೆ. ಗಂಟಿಲ್ಲ, ಮೊದಲೇ ಬರೆದುಕೊಂಡ ಗೆರೆಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದೇ ಕಷ್ಟ. ಅದನ್ನು ಎಣಿಸಿ ಎಣಿಸಿ ಮಗಳಿಗಾಗಿ ಆನೆ ಮೂಡಿಸಿದ ಕಣ್ಣುಗಳನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಕೆಳಗಿನ ಪದರದಲ್ಲಿ ಕೆಂಪು ರೇಷ್ಮೆಯ ಸೆರಗೂ ಸಿಕ್ಕಿತು. ಇಳಕಲ್ಲಿನ ಹಿರಿಯ ನೇಕಾರರೊಬ್ಬರಿಗೆ ತೋರಿಸಿದೆ. ಅವರು ಕಸೂತಿಯ ಕಡೆ ನೋಡಲೇ ಇಲ್ಲ. ಒಡಲು, ಸೆರಗು ಕೂಡುವ ಜಾಗದ ಮೇಲೆ ಬೆರಳಾಡಿಸಿ, "ಕೊಂಡಿ ಹಾಕಿದ ಸೀರಿ ಬಿಡ್ರಿ, ನಮ್ಮೂರಿಂದನ" ಎಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು.

ಊರು ತಿಳಿಯಿತು. ಉಳಿದದ್ದನ್ನು ಹೇಳಿದವರು ಹುಬ್ಬಳ್ಳಿಯಲ್ಲಿರುವ ಅವ್ವನ ಸೋದರತ್ತೆ. ಅವರಿಗೀಗ 79. ಆಯಿಯ ಮದುವೆ 1954ರಲ್ಲಿ, ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ. ಕಸೂತಿ ಹಾಕಿದ್ದು ಆಯಿಯ ತಾಯಿ. ಕೌದಿ ಹೊಲಿದವರು ಯಾರು ಎಂದು ಕೇಳಿದೆ.

"ಮತ್ಯಾರು? ನಮ್ಮ ದೊಡ್ಡ ವೈನಿ. ಸೂಜಿಗೆ ದಾರ ಪೋಣಿಸಿ ಕೊಟ್ಟಾಕಿ ನಾನ. ಕೂಸು ರಾತ್ರಿ ಎದ್ದು ಅವ್ವ ಬೇಕಂತ ಅಳತಿತ್ತು. ಅವ್ವನ ಸೀರ್ಯಾಗ ಮಲಗಲಿ ಅಂತ ಹೊಲದ್ಳು."

ಅದೇ ವರ್ಷ ಮದುವೆಯಾಗಿ ಹೋದ ಸೋದರತ್ತೆಯ ಕಿವಿಗೆ, ದೊಡ್ಡವ್ವ ಸೀರೆ ಮಾರಿದ ಮಾತು ಬಿದ್ದೇ ಇರಲಿಲ್ಲ.

ಅವ್ವ ಹುಬ್ಬಳ್ಳಿಯಿಂದ ಬರುವ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಮರುದಿನ ಪೇಟೆಗೆ ಹೋಗಿ ಗುಳೇದಗುಡ್ಡದ ಖಣ ತಂದಳು. ದೊಡ್ಡವ್ವನ ಮಗಳ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದಳು.