ಮಗಳಿಗೆ ಹಸಿರು ದೀಪ ತೋರಿಸಿ

ರೈಲು ಊರ ಹೊರಗೆ ಸುಮ್ಮನೆ ನಿಂತುಬಿಟ್ಟರೆ ನಾವೇನು ಮಾಡ್ತೀವಿ? ಡಬ್ಬಿ ತೆಗೆದು ಮಕ್ಕಳಿಗೆ ಚಕ್ಕುಲಿ ಕೊಟ್ಟು ‘ಸಿಗ್ನಲ್ ಬಿದ್ದಿಲ್ಲ’ ಅಂತ ಗೊಣಗುತ್ತೇವೆ. ಆ ಸಿಗ್ನಲ್ ನೋಡಿಕೊಳ್ಳುವ ಎಂಜಿನಿಯರ್ ನಮ್ಮ ಮಗಳೇ ಆಗಬಹುದು ಅಂತ ಎಂದಾದರೂ ಯೋಚಿಸಿದ್ದೀರಾ?

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಿಂದ ನಮ್ಮ ಚಿಗವ್ವ ಮೊನ್ನೆ ಫೋನ್ ಮಾಡಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಗಳು ರೈಲ್ವೆ ಪರೀಕ್ಷೆಗೆ ಓದುತ್ತಿದ್ದಾಳೆ. ‘ಹುಡುಗಿ ಹಳಿ ಮ್ಯಾಲೆ ಕೆಲಸ ಮಾಡೂದು ಹೆಂಗವಾ? ರಾತ್ರಿ ಕರದ್ರ?’ ಅನ್ನೋದು ಅವಳ ಚಿಂತೆ. ರಾಯಬಾಗದ ಮೇಲೆ ಹಾದುಹೋಗುವ ಮೀರಜ್-ಲೋಂಡಾ ಮಾರ್ಗ ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಸೇರಿದ್ದು. ದಿನಾ ರೈಲು ನೋಡಿ ಬೆಳೆದ ಹುಡುಗಿಗೆ ಈ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಕೆಲಸ ಏನು? ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ರೈಲಿನ ಗಾಲಿ ಬಂದೊಡನೆ ಅದು ಗಾಲಿಯ ಮೂಲಕವೇ ಹಾದುಹೋಗುತ್ತದೆ, ರಿಲೇ ಬೀಳುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ತಂತಿ ಕಡಿದರೂ ಕೆಂಪೇ! ಕೆಟ್ಟರೆ ರೈಲು ನಿಲ್ಲಬೇಕೇ ವಿನಾ ಓಡಬಾರದು, ಇದೇ ಮೂಲ ಸೂತ್ರ.

ಇಷ್ಟಿದ್ದರೂ ಮನುಷ್ಯರ ಕೈ ತಪ್ಪಬಹುದು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್‌ನಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ತಂತಿ ಜೋಡಣೆಯಲ್ಲಾದ ತಪ್ಪನ್ನು ತನಿಖೆ ಎತ್ತಿ ತೋರಿಸಿತು. ಅದಕ್ಕೇ ಇಲ್ಲಿ ಬೇಕಾದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ತಾಳ್ಮೆ. ಸ್ಟೇಷನ್ ಮಾಸ್ಟರ್‌ಗೆ ಬರೆದುಕೊಟ್ಟೇ ಪೆಟ್ಟಿಗೆ ತೆರೆಯಬೇಕು, ಪರೀಕ್ಷಿಸಿಯೇ ಮುಚ್ಚಬೇಕು. ಉಪ್ಪು ಹಾಕಿದೆನೋ ಇಲ್ಲವೋ ಅಂತ ಸಾರು ರುಚಿ ನೋಡುವ ನಮಗೆ ಇದು ಅರ್ಥವಾಗದೇ?

ಜೂನಿಯರ್ ಎಂಜಿನಿಯರ್ ಆಗಲು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಮ್ಯುನಿಕೇಷನ್ ಅಥವಾ ಕಂಪ್ಯೂಟರ್ ವಿಷಯದಲ್ಲಿ ಮೂರು ವರ್ಷದ ಡಿಪ್ಲೊಮಾ ಸಾಕು. ರೈಲ್ವೆ ನೇಮಕಾತಿ ಮಂಡಳಿಯ ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆಮೇಲೆ ವೈದ್ಯಕೀಯ ತಪಾಸಣೆ ಇದೆ. ಬಣ್ಣ ಗುರುತಿಸುವ ಕಣ್ಣು ಬೇಕಾದ್ದರಿಂದ ಮೊದಲೇ ತೋರಿಸಿಕೊಳ್ಳಿ. ಏಳನೇ ವೇತನ ಆಯೋಗದಂತೆ ಆರಂಭದ ಮೂಲವೇತನ 35,400 ರೂಪಾಯಿ. ತರಬೇತಿಯ ಮುಖ್ಯ ಕೇಂದ್ರ ಸಿಕಂದರಾಬಾದಿನ ಇರಿಸೆಟ್, 1957ರಲ್ಲಿ ಶುರುವಾದ ಸಂಸ್ಥೆ.

ರಾತ್ರಿ ಕರೆ ಬರುವುದು ನಿಜ, ಮಳೆಯಲ್ಲಿ ನಿಲ್ಲುವುದೂ ನಿಜ. ಅದನ್ನು ಮಗಳಿಂದ ಮುಚ್ಚಿಡಬೇಡಿ, ಅದನ್ನೇ ನೆಪ ಮಾಡಿ ತಡೆಯಲೂಬೇಡಿ. ‘ನಿನಗ ಆಗ್ತದೇನವಾ?’ ಅಂತ ಅವಳನ್ನೇ ಕೇಳು ಅಂದೆ. ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಣ್ಣಿನ ಡಾಕ್ಟರ್ ಹಂತೇಕ ನಾಳೆ ಹೋಗಿಬರ್ತೀವಿ’ ಅಂದಳು!