ಡಿಎನ್‌ಎ ಪರೀಕ್ಷೆಯಿಂದ ಬುದ್ಧಿಶಕ್ತಿ ಗೊತ್ತಾಗುತ್ತದೆಯೇ?



ಎಂಜಲಿನ ಸ್ಯಾಂಪಲ್ ಕಳಿಸಿದರೆ ನಿಮ್ಮ ಮೆದುಳಿನ ಶಕ್ತಿ ಹೇಳುತ್ತೇವೆ ಎನ್ನುವ ಜಾಹೀರಾತುಗಳು ಈಗ ಮೊಬೈಲಿಗೆ ಬರುತ್ತಿವೆ. ‘ನಿಮ್ಮದು ಯೋಧನ ಜೀನ್’, ‘ನಿಮ್ಮದು ಚಿಂತೆಯ ಜೀನ್’ ಎಂಬ ಮಾತೂ ಕೇಳಿರುತ್ತೀರಿ. ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ಆ ಜೀನಿನ ಹೆಸರು *ಸಿಒಎಂಟಿ*. ಹಣೆಯ ಹಿಂದಿರುವ ಮೆದುಳಿನ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಈ ಜೀನ್ ತಯಾರಿಸುತ್ತದೆ. ಕಿಣ್ವದ 158ನೇ ಸ್ಥಾನದಲ್ಲಿ ವ್ಯಾಲೀನ್ ಇದ್ದರೆ ಕಿಣ್ವ ಚುರುಕು, ಡೋಪಮಿನ್ ಬೇಗ ಖಾಲಿ. ಮೆಥಿಯೊನೀನ್ ಇದ್ದರೆ ಕಿಣ್ವ ನಿಧಾನ, ಡೋಪಮಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಇನ್ನೊಂದು ಬಂದು ಎರಡೂ ಇರುವವರೇ ಬಹಳ ಜನ.

2001ರಲ್ಲಿ ಅಮೆರಿಕದ ವಿಜ್ಞಾನಿಗಳು ಜನರಿಗೆ ಒಂದು ಕಾರ್ಡು ಪರೀಕ್ಷೆ ಕೊಟ್ಟರು. ಅದರಲ್ಲಿ ನಿಯಮ ನಡುನಡುವೆ ಬದಲಾಗುತ್ತದೆ. ಮೆಥಿಯೊನೀನ್ ಇದ್ದವರು ಸ್ವಲ್ಪ ಕಡಿಮೆ ತಪ್ಪು ಮಾಡಿದರು. ಜನರ ನಡುವಿನ ವ್ಯತ್ಯಾಸದಲ್ಲಿ ಈ ಜೀನಿನ ಪಾಲು ಶೇ. 4ರಷ್ಟು. ಜಾಹೀರಾತಿನವರು ಇಲ್ಲಿಗೇ ಓದು ನಿಲ್ಲಿಸಿದಂತಿದೆ! 2008ರಲ್ಲಿ ಇಂಥ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಆ ಪರಿಣಾಮ ಹೆಚ್ಚುಕಡಿಮೆ ಅಳಿಸಿಯೇ ಹೋಯಿತು. ಸಣ್ಣ ಗುಂಪಿನಲ್ಲಿ ಆಕಸ್ಮಿಕವಾಗಿ ಕಾಣುವುದು ದೊಡ್ಡ ಗುಂಪಿನಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಬುದ್ಧಿಗೂ ವಂಶಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಒಂದು ಜೀನಿನ ಕೆಲಸವಲ್ಲ, ಸಾವಿರಾರು ಕಡೆಯಿಂದ ಬರುವ ಚಿಟಿಕೆ ಚಿಟಿಕೆ ಪಾಲು. 2018ರಲ್ಲಿ ಸುಮಾರು 11 ಲಕ್ಷ ಜನರ ಡಿಎನ್‌ಎ ನೋಡಿದಾಗ, ಎಷ್ಟು ವರ್ಷ ಓದಿದರು ಎಂಬುದಕ್ಕೆ ಸಂಬಂಧಿಸಿದ 1,271 ವ್ಯತ್ಯಾಸಗಳು ಸಿಕ್ಕವು. ಡಿಎನ್‌ಎ ಮಾಹಿತಿಯನ್ನೆಲ್ಲ ಕೂಡಿಸಿ ಅಂಕ ಹಾಕಿದರೂ ಬುದ್ಧಿ ಪರೀಕ್ಷೆಯಲ್ಲಿನ ವ್ಯತ್ಯಾಸದ ಶೇ. 7ರಿಂದ 10 ಮಾತ್ರ ವಿವರಿಸಲು ಆಯಿತು. ಅವರೆಲ್ಲ ಯುರೋಪ್ ಮೂಲದವರು. ಅದೇ ಲೆಕ್ಕವನ್ನು ನಮ್ಮಂಥವರಿಗೆ ಹಚ್ಚಿದರೆ ಇನ್ನೂ ಕಡಿಮೆ ನಂಬಬೇಕು.

*ಎಪಿಒಇ* ಎಂಬ ಜೀನಿನ ವಿಷಯ ಬೇರೆ. ಅದರ ಇ4 ರೂಪ ಇದ್ದವರಿಗೆ ವಯಸ್ಸಾದ ಮೇಲೆ ಆಲ್ಝೈಮರ್ ಮರೆವಿನ ಕಾಯಿಲೆಯ ಅಪಾಯ ಹೆಚ್ಚು. ಆದರೂ ಇ4 ಇದ್ದ ಎಷ್ಟೋ ಜನರಿಗೆ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಮನೆಯಲ್ಲಿ ಹಿರಿಯರಿಗೆ ಈ ಕಾಯಿಲೆ ಇದ್ದು ನಿಮಗೆ ಭಯವಿದ್ದರೆ, ಮೊದಲು ನರರೋಗ ತಜ್ಞರ ಹತ್ತಿರ ಮಾತಾಡಿ, ಪರೀಕ್ಷೆ ಆಮೇಲೆ. ನಲವತ್ತು ದಾಟಿದವರು ಬಿಪಿ, ಶುಗರ್ ಜೊತೆ ಕಿವಿಯನ್ನೂ ತೋರಿಸಿಕೊಳ್ಳಿ. ನಡುವಯಸ್ಸಿನಲ್ಲಿ ಬಿಪಿ ಏರುವುದು, ಕಿವಿ ಮಂದವಾಗುವುದು ಎರಡೂ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ. ಬಿಪಿಗೆ ಮಾತ್ರೆ ಇದೆ, ಕಿವಿಗೆ ಯಂತ್ರ ಇದೆ.